ಸಂಪಾದಕರ ಮಾತು: ತೊಟ್ಟಿಲಿನ ಹೆಸರು, ಕರೆಯುವ ಹೆಸರು

‘ಗಂಡಾದರೂ ಹೆಣ್ಣಾದರೂ ಒಪ್ಪುವ ಹೆಸರು ಬೇಕು’ ಎನ್ನುವ ಎಳೆಯ ದಂಪತಿಗಳು ಈಗ ಹೆಚ್ಚುತ್ತಿದ್ದಾರೆ. ಕಿರಣ್, ಶಶಿ, ಸುಮನ್, ತೇಜಸ್ವಿ ಎಂದು ಅವರು ಪಟ್ಟಿ ಮಾಡುತ್ತಾರೆ. ಮನೆಯ ಹಿರಿಯರಿಗೆ ಇದು ಹಿಡಿಸುವುದಿಲ್ಲ. ಹೆಸರು ಕೂಗಿದ ಕೂಡಲೇ ಗಂಡೋ ಹೆಣ್ಣೋ ತಿಳಿಯಬೇಡವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಕೇಳಿದ ಅಜ್ಜಿಯೇ ತೊಟ್ಟಿಲಿನತ್ತ ತಿರುಗಿ ಪಾಪು, ಚಿನ್ನು, ಬಂಗಾರ, ಮರಿ ಎಂದು ಮುದ್ದಿಸುತ್ತಾರೆ. ಇವುಗಳಲ್ಲಿ ಯಾವುದು ಗಂಡಿನದು, ಯಾವುದು ಹೆಣ್ಣಿನದು? ಜನ್ಮನಕ್ಷತ್ರದ ಅಕ್ಷರಗಳೂ ಈ ಭೇದವನ್ನು ಕೇಳುವುದಿಲ್ಲ. ಅಶ್ವಿನಿಯಲ್ಲಿ ಹುಟ್ಟಿದ ಮಗುವಿಗೆ ಚು, ಚೆ, ಚೋ, ಲಾ. ಮಗು ಯಾವುದಾದರೂ ಸರಿ.

ಹಾಗೆಂದು ನಮ್ಮ ಪರಂಪರೆಯಲ್ಲಿ ಭೇದವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಂಡಿನ ಹೆಸರಿಗೆ ಸರಿಸಂಖ್ಯೆಯ ಅಕ್ಷರ, ಹೆಣ್ಣಿನ ಹೆಸರಿಗೆ ಬೆಸಸಂಖ್ಯೆಯ ಅಕ್ಷರ ಇರಬೇಕೆಂದು ಪಾರಸ್ಕರ ಗೃಹ್ಯಸೂತ್ರ ವಿಧಿಸುತ್ತದೆ. ಹಳ್ಳಿಯ ಹೆಸರುಗಳದ್ದು ಇನ್ನೊಂದು ದಾರಿ. ಊರದೇವರ ಹೆಸರು ಎಲ್ಲರಿಗೂ ಒಂದೇ. ಅದಕ್ಕೆ ಅಪ್ಪ ಸೇರಿದರೆ ಬಸಪ್ಪ, ನಿಂಗಪ್ಪ, ಅಮ್ಮನೋ ಅವ್ವನೋ ಸೇರಿದರೆ ಬಸಮ್ಮ, ನಿಂಗವ್ವ. ಪಂಜಾಬಿನ ಸಿಖ್ಖರಲ್ಲಿ ಗುರ್‌ಪ್ರೀತ್, ಹರ್‌ಪ್ರೀತ್ ಇಬ್ಬರಿಗೂ ಸಲ್ಲುವ ಹೆಸರುಗಳು, ಸಿಂಗ್ ಮತ್ತು ಕೌರ್ ಮಾತ್ರ ಬೇರೆ. ನಮ್ಮಲ್ಲೂ ಮೊದಲಿಂದ ಇದ್ದದ್ದು ಹೆಚ್ಚುಕಡಿಮೆ ಅದೇ ಪದ್ಧತಿ. ಕರೆಯುವ ಹೆಸರಿನಲ್ಲಿ ಕೆಂಚ-ಕೆಂಚಿ, ಪುಟ್ಟ-ಪುಟ್ಟಿ ಎಂಬ ಜೋಡಿಗಳಿದ್ದವು. ಮಂಜುನಾಥ, ಮಂಜುಳಾ ಇಬ್ಬರೂ ಮನೆಯಲ್ಲಿ ಮಂಜು ಆದಾಗ, ವಿಜಯಕುಮಾರ, ವಿಜಯಲಕ್ಷ್ಮಿ ಇಬ್ಬರೂ ವಿಜಿ ಆದಾಗ ಆ ಜೋಡಿ ತಾನಾಗಿಯೇ ಕರಗಿತು. ಇದನ್ನು ಯಾರೂ ಪಟ್ಟಣದ ಶೋಕಿ ಎನ್ನಲಿಲ್ಲ.

ಜರ್ಮನಿಯಲ್ಲಿ ಇಂಥದೇ ಒಂದು ಹೆಸರು ದೇಶದ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಯಿತು. ಭಾರತೀಯ ಮೂಲದ ಒಂದು ಕುಟುಂಬ ಮಗಳಿಗೆ ಕಿರಣ್ ಎಂದು ಹೆಸರಿಟ್ಟಿತು. ಹೆಸರಿನಿಂದ ಮಗುವಿನ ಲಿಂಗ ತಿಳಿಯುವುದಿಲ್ಲ, ಜೊತೆಗೆ ಸ್ಪಷ್ಟವಾಗಿ ಹೆಣ್ಣಿನದೆನ್ನಿಸುವ ಇನ್ನೊಂದು ಹೆಸರು ಬೇಕು ಎಂದು ನೋಂದಣಿ ಅಧಿಕಾರಿಗಳು ಪಟ್ಟು ಹಿಡಿದರು. 2008ರ ಡಿಸೆಂಬರ್‌ನಲ್ಲಿ ಕಾರ್ಲ್ಸ್‌ರೂಹೆಯ ಆ ನ್ಯಾಯಾಲಯ ತಂದೆತಾಯಿಯ ಪರ ತೀರ್ಪಿತ್ತಿತು: ಹೆಸರು ಲಿಂಗವನ್ನು ಸಾರಲೇಬೇಕೆಂಬ ನಿಯಮ ಕಾನೂನಿನಲ್ಲಿಲ್ಲ, ಮಗುವಿನ ಹಿತಕ್ಕೆ ಧಕ್ಕೆಯಾಗುವಂತಿದ್ದರೆ ಮಾತ್ರ ಸರ್ಕಾರ ತಡೆಯಬಹುದು. ಅದೇ ಕಿರಣ್ ನಮ್ಮಲ್ಲಿ ಬಯೋಕಾನ್ ಕಟ್ಟಿದ ಬೆಂಗಳೂರಿನ ಹೆಣ್ಣುಮಗಳ ಹೆಸರು, ಕ್ರಿಕೆಟ್ ವಿಕೆಟ್ ಕೀಪರ್ ಮೋರೆಯವರ ಹೆಸರೂ ಹೌದು. ಇಬ್ಬರಿಗೂ ಅದರಿಂದ ಕುಂದೇನೂ ಆಗಲಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಬೇರೆಯೇ ಸಂಗತಿ. ಮಗಳನ್ನು ‘ಬಾರೋ ಪುಟ್ಟ’, ‘ಊಟ ಆಯ್ತೇನೋ ರಾಜಾ’ ಎಂದು ಕರೆಯುವ ತಂದೆತಾಯಿ ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಕೇಳಿದವರು ಅದನ್ನು ಪ್ರೀತಿ ಎನ್ನುತ್ತಾರೆ, ಗಂಡುಮಗನಂತೆ ಸಾಕಿದ್ದಾರೆ ಎಂದು ಮೆಚ್ಚುತ್ತಾರೆ. ಮಗನನ್ನು ‘ಬಾರೇ’ ಎಂದು ಕರೆದು ನೋಡಿ. ಅದು ಹಂಗಿಸುವ ಮಾತಾಗುತ್ತದೆ, ಮಾರನೆಯ ದಿನ ಕೇರಿಯ ಹುಡುಗರ ಬಾಯಲ್ಲಿರುತ್ತದೆ. ತೊಟ್ಟಿಲಲ್ಲಿ ಚಿನ್ನು ಆಗಿದ್ದ ಹುಡುಗ ಹೈಸ್ಕೂಲಿಗೆ ಬರುವ ಹೊತ್ತಿಗೆ ಗೆಳೆಯರೆದುರು ಹಾಗೆ ಕರೆಯಬೇಡವೆಂದು ಅಮ್ಮನನ್ನು ಬೇಡಿಕೊಳ್ಳುತ್ತಾನೆ. ಹೆಣ್ಣು ಗಂಡಿನತ್ತ ಒಂದು ಹೆಜ್ಜೆ ಇಟ್ಟರೆ ಏರಿಕೆ, ಗಂಡು ಹೆಣ್ಣಿನತ್ತ ಇಟ್ಟರೆ ಇಳಿಕೆ. ಎರಡಕ್ಕೂ ಸಲ್ಲುವ ಹೆಸರೆಂದು ನಾವು ಹೊಗಳುವ ಹೆಸರುಗಳನ್ನೂ ಈ ಅಳತೆಯಲ್ಲೇ ತೂಗುತ್ತೇವೆ. ಮಗಳಿಗೆ ತೇಜಸ್ವಿ ಎಂದಿಡಲು ಹಿಂಜರಿಯದವರು ಮಗನಿಗೆ ಜ್ಯೋತಿ ಎಂದಿಡಲು ಅಳುಕುತ್ತಾರೆ.

ಹವ್ಯಕರ ಮನೆಮಾತಿನಲ್ಲಿ ಹುಡುಗ ಮಾಣಿ, ಹುಡುಗಿ ಕೂಸು. ಮಾಣಿ ‘ಬಂದ’, ಕೂಸು ‘ಬಂತು’. ಅಬ್ಬೆಯಾದ ಮೇಲೂ ಅವಳದು ‘ಬಂತು’ವೇ. ಆ ಮಾತಿನ ಅಕ್ಕರೆಯನ್ನು ನಾನು ಬಲ್ಲೆ. ಆದರೂ ಲಿಂಗ ಕಾಣದ ಕರೆಯೆಲ್ಲ ಸಮಾನತೆಯ ಕರೆಯಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ಕುವೆಂಪು ತಮ್ಮ ಎರಡನೆಯ ಮಗನಿಗೆ ಕೋಕಿಲೋದಯ ಚೈತ್ರ ಎಂದು ಹೆಸರಿಟ್ಟರು. ಇಂದು ಕರ್ನಾಟಕದ ಯಾವ ತರಗತಿಯಲ್ಲಿ ಚೈತ್ರ ಎಂದು ಹಾಜರಿ ಕೂಗಿದರೂ ಎದ್ದು ನಿಲ್ಲುವುದು ಹುಡುಗಿಯೇ. ಋತುವಿನ, ತಿಂಗಳ ಹೆಸರಿಗೆ ಲಿಂಗ ಅಂಟಿಸಿದವರು ನಾವು. ನಾವೇ ಅಂಟಿಸಿದ್ದನ್ನು ನಾವೇ ಬಿಡಿಸಬಹುದು.

ಈ ಪತ್ರಿಕೆಗೆ ಬರುವ ಬರಹಗಳ ಕೆಳಗೆ ಕೆಲವೊಮ್ಮೆ ಶಶಿ, ಮಂಜು, ವಿಜಿ ಎಂದಷ್ಟೇ ಇರುತ್ತದೆ. ಅಂಥವನ್ನು ಓದುವಾಗ ಗಮನವೆಲ್ಲ ಬರಹದ ಮೇಲೆಯೇ ಇರುತ್ತದೆ. ಹೆಣ್ಣಿನ ಬರಹವೆಂದು ಮೆದುವಾಗಿ, ಗಂಡಿನ ಬರಹವೆಂದು ಗಟ್ಟಿಯಾಗಿ ಓದುವ ಚಾಳಿಗೆ ಅಲ್ಲಿ ಎಡೆಯಿಲ್ಲ. ಹೆಸರೊಂದು ಇಷ್ಟು ಉಪಕಾರ ಮಾಡುವುದಾದರೆ ಅದನ್ನು ಮಗುವಿಗೆ ಏಕೆ ತಪ್ಪಿಸಬೇಕು?

ಜನನ ಪ್ರಮಾಣಪತ್ರದಲ್ಲಿ ಲಿಂಗಕ್ಕೆ ಬೇರೆಯೇ ಕಲಂ ಇದೆ. ಆ ಕೆಲಸವನ್ನು ಹೆಸರಿನ ಮೇಲೂ ಹೊರಿಸಬೇಕಿಲ್ಲ. ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆದ್ದರಿಂದ ಅವಸರ ಬೇಡ. ಮನೆಯಲ್ಲಿ ಬಾಯಿತುಂಬ ಕರೆಯುವ ಹೆಸರು ಮಗುವಿಗೆ ಒಗ್ಗಿದ್ದರೆ ಅದನ್ನೇ ದಾಖಲೆಗೂ ಬರೆಸಿ. ಮಗನಿಗೆ ಚೈತ್ರ ಎಂದಿಡಲು ಮನಸ್ಸಾದವರು ಯಾರ ಮಾತಿಗೂ ಅಂಜದೆ ಇಡಿ.