ಕ್ಯಾಂಪಸ್ ಎಲ್ಲಿರಬೇಕು ಅಂತ ಹೇಳೋರು ಯಾರು?

ಆಸ್ಟ್ರೇಲಿಯಾದ ಹೋಬಾರ್ಟ್ ನಗರದಲ್ಲಿರುವ ಟಾಸ್ಮೇನಿಯಾ ವಿಶ್ವವಿದ್ಯಾಲಯ, ಸ್ಯಾಂಡಿ ಬೇ ಕ್ಯಾಂಪಸ್ ಬಿಟ್ಟು ನಗರದ ಮಧ್ಯಕ್ಕೆ ಬರಲು 2019ರಲ್ಲಿ ತೀರ್ಮಾನಿಸಿತು. ಅದಕ್ಕಾಗಿ ಮೆಲ್ವಿಲ್ ಬೀದಿಯಲ್ಲಿದ್ದ ಸರ್ಕಾರಿ ಅರಣ್ಯ ಸಂಸ್ಥೆಯ ಹಳೇ ಕಚೇರಿ ಕಟ್ಟಡವನ್ನೂ ಕೊಂಡಿತು. ಬಿಟ್ಟ ಜಾಗದಲ್ಲಿ ಮನೆ ಕಟ್ಟುವ ಯೋಜನೆಯೂ ಸಿದ್ಧವಾಯಿತು.

ನಗರದೊಳಗೆ ಬಂದರೆ ಬಸ್ಸಿಗೆ ಹತ್ತಿರ, ದೂರದ ಬಡಾವಣೆಗಳ ಬಡ ಮಕ್ಕಳಿಗೂ ಅನುಕೂಲ ಅನ್ನೋದು ಆಡಳಿತದ ವಾದ. ಇದನ್ನು ನಾನು ತಳ್ಳಿಹಾಕಲ್ಲ. ಬಸ್ ಛಾರ್ಜಿಗೂ ಲೆಕ್ಕ ಹಾಕುವ ವಿದ್ಯಾರ್ಥಿಗೆ ಅದು ಸಣ್ಣ ಮಾತಲ್ಲ.

ಆದರೆ 2022ರ ಅಕ್ಟೋಬರಿನಲ್ಲಿ ನಗರಪಾಲಿಕೆ ಚುನಾವಣೆಯ ಜೊತೆಗೇ ಮತದಾರರ ಅಭಿಪ್ರಾಯ ಕೇಳಿದಾಗ, ಸುಮಾರು 74% ಜನ ಸ್ಥಳಾಂತರ ಬೇಡ ಅಂದರು. ಆ ಮತಕ್ಕೆ ಕಾನೂನಿನ ಬಲವಿರಲಿಲ್ಲ. ನನ್ನ ತಕರಾರು ಇರೋದು ಇಲ್ಲೇ. ಸಾರ್ವಜನಿಕ ವಿಶ್ವವಿದ್ಯಾಲಯದ ನೆಲ ಅಂದರೆ ಆಡಳಿತ ಮಂಡಳಿಯ ಖಾಸಗಿ ಸೈಟಾ?

ಕಚೇರಿ ಕಟ್ಟಡದಲ್ಲಿ ಪಾಠ ಮಾಡಬಹುದು, ಸರಿ. ಐವತ್ತು ಜನ ಅನುಮತಿ ಕೇಳದೆ ಕೂತು ಜಗಳವಾಡೋಕೆ, ಘೋಷಣೆ ಕೂಗೋಕೆ ಬಯಲು ಬೇಕು. ಒಮ್ಮೆ ಕೈಬಿಟ್ಟ ಬಯಲು ವಾಪಸ್ ಸಿಗೋದು ಕಷ್ಟ.

ಹಾಗಾಗಿ ನಿಮ್ಮ ಕ್ಯಾಂಪಸ್ ಎತ್ತಂಗಡಿ ಆಗುತ್ತೆ ಅಂದಾಗ ಹೊಸ ಕಟ್ಟಡದ ಚಿತ್ರ ನೋಡೋಕೆ ಮುಂಚೆ ಎರಡು ಪ್ರಶ್ನೆ ಕೇಳಿ: ತೀರ್ಮಾನ ಯಾರದ್ದು? ಹಳೇ ಜಾಗ ಯಾರ ಪಾಲು?