ವಿಕಿಮೇನಿಯಾ ಮೈಸೂರಿನಲ್ಲಿ ನಡೆಯಲಿ
ಕನ್ನಡ ವಿಕಿಪೀಡಿಯದ ಸ್ವಯಂಸೇವಕರಿಂದ ಮೈಸೂರಿನ ನಾಗರಿಕರಿಗೆ ಮನವಿ



ಮುನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ವಿಕಿಪೀಡಿಯ ಇದೆ. ಸಂಬಳವಿಲ್ಲದೆ ಅದನ್ನು ಬರೆಯುವವರು, ತಿದ್ದುವವರು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಾರೆ. ಆ ಸಮಾವೇಶದ ಹೆಸರು ವಿಕಿಮೇನಿಯಾ. 2005ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮೊದಲಾಗಿ ತೈಪೆ, ಅಲೆಕ್ಸಾಂಡ್ರಿಯಾ, ಬ್ಯೂನಸ್ ಐರಿಸ್, ಹಾಂಗ್‌ಕಾಂಗ್, ಕೇಪ್‌ಟೌನ್, ಸಿಂಗಪುರಗಳನ್ನು ಕಂಡು 2025ರಲ್ಲಿ ನೈರೋಬಿಗೂ ಹೋಗಿಬಂತು. ಭಾರತಕ್ಕೆ ಮಾತ್ರ ಇನ್ನೂ ಬಂದಿಲ್ಲ. ದಕ್ಷಿಣ ಏಷ್ಯಾದ ಯಾವ ದೇಶಕ್ಕೂ ಬಂದಿಲ್ಲ. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ವಿಕಿಪೀಡಿಯ ನಡೆಸುತ್ತಿರುವ ನಾಡಿಗೆ ಇದು ಒಪ್ಪುವ ಮಾತಲ್ಲ. 2030ರ ವಿಕಿಮೇನಿಯಾ ಮೈಸೂರಿನಲ್ಲಿ ನಡೆಯಬೇಕು, ಅದಕ್ಕೆ ಬಿಡ್, ಅಂದರೆ ಆತಿಥ್ಯ ಕೋರುವ ಪ್ರಸ್ತಾವ, ಸಿದ್ಧಪಡಿಸುವ ಕೆಲಸ ಈ ವರ್ಷವೇ ಶುರುವಾಗಬೇಕು ಎಂದು ಕೇಳಲು ಈ ಕರಪತ್ರ.

ಇದು ದೊಡ್ಡ ಊರುಗಳ ಕೆಲಸ ಎನ್ನುವವರಿಗೆ ಎಸಿನೋ ಲಾರಿಯೋದ ಕಥೆ ಹೇಳಬೇಕು. ಇಟಲಿಯಲ್ಲಿ ಕೋಮೋ ಸರೋವರದ ಮೇಲಿನ ಬೆಟ್ಟದಲ್ಲಿರುವ ಹಳ್ಳಿ ಅದು. ಜನಸಂಖ್ಯೆ ಎಂಟುನೂರಕ್ಕೂ ಕಡಿಮೆ. 2016ರ ವಿಕಿಮೇನಿಯಾಕ್ಕೆ ಆ ಹಳ್ಳಿ ಬಿಡ್ ಸಲ್ಲಿಸಿದಾಗ ಎದುರಿಗೆ ಇದ್ದದ್ದು ಮನಿಲಾ ಮಹಾನಗರ. ಗೆದ್ದದ್ದು ಹಳ್ಳಿ. ಆ ಜೂನಿನಲ್ಲಿ ಊರಿನವರು ಅತಿಥಿಗಳಿಗೆ ತಮ್ಮ ಮನೆಗಳ ಬಾಗಿಲು ತೆರೆದರು, ಊರಿನ ವ್ಯಾಯಾಮಶಾಲೆ ಸಭಾಂಗಣವಾಯಿತು. ಅಲ್ಲಿ ಪಂಚತಾರಾ ಹೋಟೆಲೂ ಇರಲಿಲ್ಲ, ವಿಮಾನ ನಿಲ್ದಾಣವೂ ಇರಲಿಲ್ಲ. ನಮ್ಮ ಊರಿಗೇ ಬನ್ನಿ ಎಂದು ಹಟ ಹಿಡಿದು ವರ್ಷಗಟ್ಟಲೆ ತಯಾರಿ ನಡೆಸಿದ ಜನರಿದ್ದರು.

ಮೈಸೂರಿಗೆ ಅದಕ್ಕಿಂತ ಹೆಚ್ಚಿನದೇ ಇದೆ. 1985ರ ವಿಶ್ವ ಕನ್ನಡ ಸಮ್ಮೇಳನವನ್ನೂ 2017ರ ಸಾಹಿತ್ಯ ಸಮ್ಮೇಳನವನ್ನೂ ನಡೆಸಿದ ಊರಿದು. ಸಾವಿರಾರು ಜನರಿಗೆ ಊಟ ಬಡಿಸಿ ಕಳಿಸುವುದು ನಮಗೆ ಹೊಸದಲ್ಲ. ವಿಕಿಮೇನಿಯಾಕ್ಕೆ ಬರುವವರು ಸುಮಾರು ಸಾವಿರ ಜನ. ಮಾನಸಗಂಗೋತ್ರಿ, ಕಲಾಮಂದಿರ, ಭಾರತೀಯ ಭಾಷಾ ಸಂಸ್ಥಾನ ಮೂರೂ ಹುಣಸೂರು ರಸ್ತೆಯ ಆಸುಪಾಸಿನಲ್ಲೇ ಇವೆ. ಬೆಂಗಳೂರಿನಲ್ಲಿ ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಅತಿಥಿಯ ಅರ್ಧ ದಿನ ಕಳೆದುಹೋಗುತ್ತದೆ. ಈಚಿನ ವರ್ಷಗಳಲ್ಲಿ ಸಮಾವೇಶ ಹೆಚ್ಚಾಗಿ ಆಗಸ್ಟಿನಲ್ಲಿ ನಡೆದಿದೆ. ನಮ್ಮ ಕರಾವಳಿಯಲ್ಲಿ ಆಗ ಜಡಿಮಳೆ, ಮೈಸೂರಿನಲ್ಲಿ ಸೋನೆ. ದಸರಾ ಇನ್ನೂ ದೂರ ಇರುವುದರಿಂದ ಲಾಡ್ಜುಗಳಲ್ಲಿ ಕೋಣೆಯೂ ಸಿಗುತ್ತದೆ.

ಇವೆಲ್ಲ ಅನುಕೂಲದ ಮಾತಾಯಿತು. ನಮಗೆ ಮುಖ್ಯವಾದ ಕಾರಣ ಬೇರೆ. ಮೈಸೂರು ವಿಶ್ವವಿದ್ಯಾನಿಲಯ ದಶಕಗಳ ವಿದ್ವತ್ತಿನಿಂದ ಕಟ್ಟಿದ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಆ ಬರಹ ಇಂದು ವಿಕಿಪೀಡಿಯದ ಸೋದರ ತಾಣವಾದ ಕನ್ನಡ ವಿಕಿಸೋರ್ಸಿನಲ್ಲಿದೆ, ಯಾವ ಹಳ್ಳಿಯ ಹುಡುಗಿಯಾದರೂ ಫೋನಿನಲ್ಲಿ ಓದಬಹುದು. ಜ್ಞಾನ ಎಲ್ಲರದು ಎಂಬುದನ್ನು ಭಾಷಣದಲ್ಲಿ ಹೇಳಿ ಬಿಡದೆ ಮಾಡಿ ತೋರಿಸಿದ ಊರಿಗೆ ಈ ಸಮಾವೇಶವನ್ನು ಕರೆಯುವ ಹಕ್ಕಿದೆ.

ಸಭೆ ಸೇರಿ ಏನು ಸಾಧನೆ, ಆ ಹೊತ್ತಿನಲ್ಲಿ ನಾಲ್ಕು ಲೇಖನ ಬರೆಯಬಾರದೇ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಅವನ್ನು ಸತತವಾಗಿ ನೋಡಿಕೊಳ್ಳುವ ಕೈಗಳು ಬಹಳ ಕಡಿಮೆ. ಆ ಕೈಗಳು ಹೆಚ್ಚಬೇಕಾದರೆ, ಇದು ತನ್ನ ಕೆಲಸವೂ ಹೌದು ಎಂದು ಹೊಸಬರಿಗೆ ಅನ್ನಿಸಬೇಕು. 2016ರ ಆಗಸ್ಟಿನಲ್ಲಿ ಚಂಡೀಗಢದಲ್ಲಿ ಭಾರತದ ವಿಕಿ ಸಮಾವೇಶ ನಡೆದಾಗ ತುಳು ವಿಕಿಪೀಡಿಯ ಪ್ರತ್ಯೇಕವಾಗಿ ತಲೆಯೆತ್ತಿದ ಸುದ್ದಿಯನ್ನು ಅದೇ ವೇದಿಕೆಯಿಂದ ಘೋಷಿಸಲಾಯಿತು. ವರ್ಷಗಳ ಕಾಲ ಪರೀಕ್ಷಾ ಹಂತದಲ್ಲಿ ಲೇಖನ ಕೂಡಿಸುತ್ತಿದ್ದವರ ದುಡಿಮೆಯನ್ನು ಆ ದಿನ ಜಗತ್ತು ಕಂಡಿತು. ಕೊಡವ, ಬ್ಯಾರಿ, ಸೋಲಿಗ ಭಾಷೆಯ ತರುಣರು ಅಂಥದೊಂದು ವೇದಿಕೆಯನ್ನು ತಮ್ಮ ಊರಿಂದ ಬಸ್ಸಿನಲ್ಲಿ ಬಂದು ತಲುಪುವಂತಾಗಲಿ. ಪಾಸ್‌ಪೋರ್ಟೇ ಇಲ್ಲದವರಿಗೆ, ಇದ್ದರೂ ಯುರೋಪಿನ ವೀಸಾ ನಿರಾಕರಣೆಯಾದವರಿಗೆ, ಇದೊಂದೇ ದಾರಿ.

ಇನ್ನು ತೊಡಕುಗಳ ಮಾತು. ಬಿಡ್ ಎಂದರೆ ಅರಮನೆಯ ದೀಪಾಲಂಕಾರದ ಚಿತ್ರ ಹಾಕಿದ ಚಂದದ ಪುಸ್ತಿಕೆ ಎಂದು ಯಾರೂ ತಿಳಿಯಬಾರದು. ಅದರ ಮೊದಲ ಪುಟದಲ್ಲಿ ವೀಸಾ ಇರಬೇಕು. ಅಂತರರಾಷ್ಟ್ರೀಯ ಸಮಾವೇಶಕ್ಕೆ ಬರುವವರಿಗೆ ಕಾನ್ಫರೆನ್ಸ್ ವೀಸಾ ಬೇಕು, ಅದಕ್ಕಾಗಿ ಸಂಘಟಕರು ವಿದೇಶಾಂಗ ಸಚಿವಾಲಯ ಮತ್ತು ಗೃಹ ಸಚಿವಾಲಯದ ಅನುಮತಿ ತರಬೇಕು. ಪಾಕಿಸ್ತಾನದಿಂದ, ಇರಾಕಿನಿಂದ ಬರುವ ಸ್ವಯಂಸೇವಕರ ವಿಷಯ ಇನ್ನೂ ಕಠಿಣ. ಇದನ್ನು ಒಂದು ವರ್ಷ ಮುಂಚೆಯೇ ಕೈಗೆತ್ತಿಕೊಳ್ಳದಿದ್ದರೆ ಯಾರಿಗಾಗಿ ಕರೆದೆವೋ ಅವರೇ ಬರಲಾಗುವುದಿಲ್ಲ.

ಎರಡನೆಯದು ಹಣ. ಖರ್ಚಿನ ದೊಡ್ಡ ಪಾಲನ್ನು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಭರಿಸುತ್ತದೆ, ಆದರೆ ಎಫ್‌ಸಿಆರ್‌ಎ ಕಾಯ್ದೆಯಡಿ ಅನುಮತಿ ಇಲ್ಲದ ಬಳಗ ವಿದೇಶಿ ದೇಣಿಗೆಯನ್ನು ಮುಟ್ಟುವಂತಿಲ್ಲ. ಆದ್ದರಿಂದ ನಂಬಿಕಸ್ಥ ಸಂಸ್ಥೆಯೊಂದು ನಮ್ಮ ಜೊತೆ ನಿಲ್ಲಬೇಕು, ಲೆಕ್ಕಪತ್ರ ಎಲ್ಲರಿಗೂ ತೆರೆದಿರಬೇಕು. ಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವುದಾದರೆ ವಿದೇಶಿಯರು ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಮನೆಯವರು ಅವರ ವಿವರ ಕೊಡುವ ಸರ್ಕಾರಿ ಫಾರಂ ತುಂಬಬೇಕು. ಅದನ್ನು ತುಂಬಿಕೊಡಲು ಪ್ರತಿ ಬಡಾವಣೆಗೂ ಒಬ್ಬ ಸ್ವಯಂಸೇವಕ ಇರಬೇಕು. ಗಾಲಿಕುರ್ಚಿ ಹೋಗದ ಸಭಾಂಗಣವನ್ನು ನಾವು ಪಟ್ಟಿಗೇ ಸೇರಿಸಬಾರದು.

ಒಂದು ಮಾತನ್ನು ನೋವಿನಿಂದಲೇ ಹೇಳಬೇಕು. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ ತಂತ್ರಾಂಶದ ಸ್ವಯಂಸೇವಕರು ತಮ್ಮ ಜಾಗತಿಕ ಸಮಾವೇಶವನ್ನು ಕೊಚ್ಚಿಯಲ್ಲಿ ನಡೆಸಿದರು. ಭಾರತದ ಸ್ವಯಂಸೇವಕರಿಗೆ ಇದು ಸಾಧ್ಯ ಎಂದು ತೋರಿಸಿಕೊಟ್ಟವರು ಅವರು. ಅದೇ ಸಮಾವೇಶದ ಪ್ರವಾಸದ ದಿನ ಕಯಾಕ್ ನಡೆಸಲು ನೀರಿಗಿಳಿದ ಯುವಕನೊಬ್ಬ ಮುಳುಗಿ ತೀರಿಕೊಂಡ. ನಮಗೂ ಅತಿಥಿಗಳನ್ನು ಬಲಮುರಿಗೆ, ಶ್ರೀರಂಗಪಟ್ಟಣದ ಸಂಗಮಕ್ಕೆ ಕರೆದೊಯ್ಯುವ ಆಸೆ ಇದೆ. ಆಗಸ್ಟಿನ ಕಾವೇರಿ ಎಂಥವಳೆಂದು ಈ ಊರಿನವರಿಗೆ ಗೊತ್ತು, ಬರುವವರಿಗೆ ಗೊತ್ತಿರುವುದಿಲ್ಲ. ನಮ್ಮ ಯೋಜನೆಯಲ್ಲಿ ನೀರಿಗಿಳಿಯುವ ಪ್ರವಾಸವೇ ಇರಕೂಡದು.

ಇಷ್ಟೆಲ್ಲ ಹತ್ತು ಜನರಿಂದ ಆಗುವುದಿಲ್ಲ. ಹತ್ತೇ ಜನ ಹೊತ್ತರೆ ಸಮಾವೇಶ ಮುಗಿಯುವ ಹೊತ್ತಿಗೆ ಅವರು ಬಸವಳಿದು ಮನೆ ಸೇರುತ್ತಾರೆ, ವಿಕಿಪೀಡಿಯ ಬರೆಯುವುದನ್ನೂ ಬಿಡುತ್ತಾರೆ. ಹಾಗಾಗುವುದಾದರೆ ಸಮಾವೇಶ ಬರದಿರುವುದೇ ಮೇಲು. ಅದಕ್ಕಾಗಿಯೇ ನಾವು ಇಷ್ಟು ಮುಂಚೆ ಕೇಳುತ್ತಿದ್ದೇವೆ. ಮೊದಲ ಎರಡು ವರ್ಷ ಕನ್ನಡ, ತುಳು, ಕೊಂಕಣಿ ಬಳಗಗಳ ಚಿಕ್ಕ ಕೂಟಗಳನ್ನು ಇಲ್ಲೇ ನಡೆಸಿ ಕೈ ಪಳಗಿಸಿಕೊಳ್ಳೋಣ, ಜವಾಬ್ದಾರಿ ಹಂಚಿಕೊಳ್ಳೋಣ, ಆಮೇಲೆ ಬಿಡ್ ಬರೆಯೋಣ.

ಪ್ರಾಧ್ಯಾಪಕರು ತಮ್ಮ ಕಾಲೇಜಿನ ಬಾಗಿಲು ತೆರೆಸಿಕೊಡಲಿ. ವಕೀಲರು, ಲೆಕ್ಕಪರಿಶೋಧಕರು ಅನುಮತಿಗಳ ಹಾದಿ ತೋರಿಸಲಿ. ಹೋಟೆಲಿನವರು ಸ್ವಯಂಸೇವಕರ ಕೈಗೆಟುಕುವ ದರ ಹೇಳಲಿ. ವಿದ್ಯಾರ್ಥಿಗಳೇ, ನಿಮ್ಮ ಊರಿನ ಕೆರೆಯ ಬಗ್ಗೆ, ಜಾತ್ರೆಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಇದೆಯೇ ಎಂದು ಇಂದು ರಾತ್ರಿಯೇ ನೋಡಿ. ಇಲ್ಲದಿದ್ದರೆ ಬರೆಯಿರಿ. ಈ ಕರಪತ್ರ ಕೊಟ್ಟ ಸ್ವಯಂಸೇವಕರ ಬಳಿ ಒಂದು ಪಟ್ಟಿ ಇದೆ, ಅದರಲ್ಲಿ ನಿಮ್ಮ ಹೆಸರನ್ನೂ ನೀವು ವಹಿಸಿಕೊಳ್ಳಬಲ್ಲ ಒಂದು ಕೆಲಸವನ್ನೂ ಬರೆದುಕೊಡಿ.