ಮತ್ತಿನ ಇಂಜೆಕ್ಷನ್ ಉರಿಯುತ್ತದೆಯೆ? ಮೊದಲೇ ಕೇಳಿ



ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮ್ಮ ಹೆಂಗಸರು ಪಿತ್ತಕೋಶದ ಕಲ್ಲಿಗೋ ಥೈರಾಯ್ಡ್ ಗಂಟಿಗೋ ಆಪರೇಷನ್ ಎಂದರೆ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಿಬರುವುದುಂಟು. ಮಾತನಾಡಿಸಲು ಹೋದರೆ ಹೊಲಿಗೆಯ ನೋವಿಗಿಂತ ಮೊದಲು ಕೆಲವರು ಹೇಳುವುದು ಇದು: “ಮತ್ತು ಬರೋಕೆ ಮುಂಚೆ ಕೈಯೆಲ್ಲ ಬೆಂಕಿ ಇಟ್ಟಂಗಾಯ್ತು ಕಣ್ರೀ!” ಇದನ್ನು ಕೇಳಿ ಹೆದರಿ, ಮಾಡಿಸಲೇಬೇಕಾದ ಆಪರೇಷನ್ನನ್ನು ಮುಂದಕ್ಕೆ ಹಾಕಬೇಡಿ. ಈ ಉರಿಯನ್ನು ಕಡಿಮೆ ಮಾಡುವ ದಾರಿ ಇದೆ. ನಾವು ಬಾಯಿಬಿಟ್ಟು ಕೇಳಬೇಕು, ಅಷ್ಟೆ.

ಉರಿ ಏಕೆ?

ಪೂರ್ತಿ ಮತ್ತು ಬರಿಸಲು ಈಗ ಹೆಚ್ಚಾಗಿ ಕೊಡುವ ಮದ್ದು ಪ್ರೊಪೊಫಾಲ್. ಬ್ರಿಟನ್ನಿನಲ್ಲಿ ಇದು ೧೯೮೬ರಲ್ಲಿ ಬಳಕೆಗೆ ಬಂತು. ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಸೋಯಾ ಎಣ್ಣೆ ಮತ್ತು ಮೊಟ್ಟೆಯಿಂದ ತೆಗೆದ ಲೆಸಿಥಿನ್ ಸೇರಿಸಿರುತ್ತಾರೆ. ನೋಡಲು ಹಾಲಿನಂತೆ ಬೆಳ್ಳಗಿರುತ್ತದೆ. ಈ ಮದ್ದು ರಕ್ತನಾಳದ ಒಳಗೋಡೆಯನ್ನು ಕೆರಳಿಸುವುದರಿಂದಲೇ ಉರಿ. ಮುಂಜಾಗ್ರತೆ ಇಲ್ಲದೆ ಕೊಟ್ಟರೆ ಹತ್ತರಲ್ಲಿ ಸುಮಾರು ಆರು ಜನಕ್ಕೆ ನೋವಾಗುತ್ತದೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ೨೦೧೧ರ ಲೇಖನ ಹೇಳುತ್ತದೆ; ಅದು ೧೭೭ ಅಧ್ಯಯನಗಳನ್ನು ಒಟ್ಟಿಗೆ ನೋಡಿ ಬರೆದದ್ದು. ಉರಿ ಸ್ವಲ್ಪ ಹೊತ್ತು ಮಾತ್ರ, ಅಷ್ಟರಲ್ಲಿ ನಿದ್ದೆ ಬಂದುಬಿಡುತ್ತದೆ. ತಪ್ಪು ಮದ್ದು ಕೊಟ್ಟರೇನೋ ಎಂದು ಗಾಬರಿಯಾಗಬೇಡಿ.

ಡಾಕ್ಟರು ಏನು ಮಾಡಬಲ್ಲರು?

ಎಲ್ಲಕ್ಕಿಂತ ಗುಣ ಕಂಡ ಉಪಾಯಗಳು ಎರಡು. ಮೊದಲನೆಯದು, ಅಂಗೈ ಹಿಂಬದಿಯ ಸಣ್ಣ ನರದ ಬದಲು ಮೊಣಕೈ ಮಡಿಕೆಯ ದಪ್ಪ ನರಕ್ಕೆ ಮದ್ದು ಕೊಡುವುದು. ಎರಡನೆಯದು, ಅಂಗೈ ಹಿಂಬದಿಗೇ ಕೊಡಬೇಕಾದಾಗ, ತೋಳಿಗೆ ಪಟ್ಟಿ ಬಿಗಿದು ಮೊದಲು ಲಿಗ್ನೋಕೇನ್ ಕೊಟ್ಟು, ಸ್ವಲ್ಪ ಹೊತ್ತು ಅದನ್ನು ನರದಲ್ಲೇ ನಿಲ್ಲಿಸಿ, ಪಟ್ಟಿ ಸಡಿಲಿಸಿದ ಮೇಲೆ ಪ್ರೊಪೊಫಾಲ್ ಕೊಡುವುದು. ಹಲ್ಲು ಕೀಳುವ ಮುಂಚೆ ಒಸಡು ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಲಿಗ್ನೋಕೇನ್. ಯಾರಿಗೆ ಯಾವುದು ಸರಿ ಎಂಬುದನ್ನು ಡಾಕ್ಟರೇ ತೀರ್ಮಾನಿಸಬೇಕು.

ನಾವು ಮಾಡಬೇಕಾದದ್ದು

೧. ಮತ್ತು ಕೊಡುವ ಡಾಕ್ಟರು ನೋಡಲು ಬಂದಾಗ ಸಂಕೋಚಪಡದೆ ಕೇಳಿ: “ಡಾಕ್ಟ್ರೇ, ಮತ್ತಿನ ಮದ್ದು ಕೈಗೆ ಉರಿಯುತ್ತಂತೆ. ಉರಿಯದ ಹಾಗೆ ಮೊದಲು ಏನಾದ್ರೂ ಕೊಡ್ತೀರಾ?”

೨. ಹಿಂದೆ ಹಲ್ಲಿನ ಇಂಜೆಕ್ಷನ್ ಮೈಗೆ ಒಗ್ಗದಿದ್ದರೆ, ಮೊಟ್ಟೆ, ಸೋಯಾ ಆಗದಿದ್ದರೆ, ಅದನ್ನೂ ಹೇಳಿ.

೩. ಬಳೆ, ಉಂಗುರ ಮನೆಯಲ್ಲೇ ತೆಗೆದಿಡಿ. ಉಗುರಿನ ಬಣ್ಣ ಒರೆಸಿಕೊಳ್ಳಿ. ಬೆರಳಿಗೆ ಹಾಕುವ ಕ್ಲಿಪ್ಪಿಗೆ ಅದು ಅಡ್ಡಿಯಾಗಬಹುದು.

೪. ಡ್ರಿಪ್ ಹಾಕಿದ ಜಾಗ ಊದಿದ್ದರೆ ಅಥವಾ ನೋಯುತ್ತಿದ್ದರೆ, ಮತ್ತಿನ ಮದ್ದು ಕೊಡುವ ಮುಂಚೆಯೇ ತಿಳಿಸಿ. ನರದಿಂದ ಸೂಜಿ ಜಾರಿರಬಹುದು.

೫. ಆಪರೇಷನ್ ಮುಗಿದ ಮರುದಿನವೂ ಆ ಜಾಗ ಕೆಂಪಾಗಿ ನೋಯುತ್ತಿದ್ದರೆ ನರ್ಸಿಗೆ ತೋರಿಸಿ.

ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುವುದು ಬೇರೆಯೇ ಕ್ರಮ. ಮೇಲೆ ಹೇಳಿದ್ದು ಪೂರ್ತಿ ಮತ್ತಿನ ವಿಷಯ.

“ಹೆರಿಗೆ ನೋವನ್ನೇ ತಾಳಿದವಳು, ಇದೇನು ಮಹಾ?” ಎನ್ನುವವರು ಮನೆಯಲ್ಲೂ ಇರುತ್ತಾರೆ, ಆಸ್ಪತ್ರೆಯಲ್ಲೂ ಇರುತ್ತಾರೆ. ತಾಳಬಲ್ಲೆವು, ನಿಜ. ಆದರೆ ತಪ್ಪಿಸಬಹುದಾದ ನೋವನ್ನು ಸುಮ್ಮನೆ ನುಂಗಿಕೊಂಡರೆ ಯಾರಿಗೂ ಪುಣ್ಯ ಬರುವುದಿಲ್ಲ. ಆಪರೇಷನ್‌ಗೆ ಹೊರಟ ಅಕ್ಕನಿಗೋ ಅತ್ತಿಗೆಗೋ ಇದನ್ನು ಓದಿ ಹೇಳಿ. ಧೈರ್ಯವಾಗಿ ಹೋಗಿಬರಲಿ.